ಬೀಟೆ ಮಂಚದ ಗಿಟಾರು

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಅಷ್ಟು ಉತ್ಸಾಹದಿಂದ ಹೇಳುತ್ತಿದ್ದಾಗ ನಾನು ‘ನೋಡೋಣ, ನೋಡೋಣ’ ಅಂತ ಎರಡು ಸಲ ಅಂದು ಫೋನಿಟ್ಟುಬಿಟ್ಟೆ. ನಿನಗೆ ಬೇಜಾರಾಯಿತಂತೆ, ನಿಮ್ಮಮ್ಮ ಹೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಬೋನಸ್ ಬಂದಿದೆ, ಗಿಟಾರ್ ಮಾಡುವವರು ಎರಡೂವರೆ ಲಕ್ಷ ಅಂದಿದ್ದಾರೆ, ಅರ್ಧ ಅಡ್ವಾನ್ಸು, ಎಂಟು ತಿಂಗಳ ವಾಯಿದೆ, ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು. ನಾನು ಅರ್ಥ ಮಾಡಿಕೊಂಡದ್ದು ಸರಿ ತಾನೇ?

ಬೇಡ ಅನ್ನುವುದಕ್ಕೆ ಬರೆಯುತ್ತಿಲ್ಲ. ನಾನೂ ಒಂದು ಕಾಲದಲ್ಲಿ ಮಾಡಿಸಿದವನು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಹಾಲಿನ ಗೋಡೆಯಲ್ಲಿ ನೇತಾಡುತ್ತದಲ್ಲ ಆ ಕಪ್ಪುಗೆಂಪು ಗಿಟಾರು, ‘ಮಾವ ಅದನ್ನ ಯಾಕೆ ಯಾವತ್ತೂ ಬಾರಿಸಲ್ಲ’ ಅಂತ ನೀನು ಆರೇಳು ವರ್ಷದವಳಿದ್ದಾಗ ಕೇಳಿದ್ದೆ. ‘ಅದಕ್ಕೆ ವಯಸ್ಸಾಗಿದೆ ಕಂದಾ’ ಅಂದಿದ್ದೆ. ಸುಳ್ಳು. ಅದು ಹುಟ್ಟಿದ ದಿನದಿಂದಲೂ ಗೋಡೆಗೇ ಲಾಯಕ್ಕಾಗಿತ್ತು.

ಆಗ ನಾನು ಜಾಲಹಳ್ಳಿ ಎಚ್‌ಎಂಟಿಯ ಟೂಲ್ ರೂಮಿನಲ್ಲಿದ್ದೆ. ಹಗಲೆಲ್ಲ ಮೈಕ್ರೋಮೀಟರು, ಫೀಲರ್ ಗೇಜು, ರಾತ್ರಿ ಆರ್ಕೆಸ್ಟ್ರಾ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಬೆಂಗಳೂರಿನ ಒಂದು ಬೀದಿಯೂ ನಮಗೆ ಬಿಡುವು ಕೊಡುತ್ತಿರಲಿಲ್ಲ. 1981ರಲ್ಲಿ ಶಂಕರ್‌ನಾಗ್ ‘ಗೀತಾ’ದಲ್ಲಿ ಗಿಟಾರ್ ಹಿಡಿದು ನಿಂತಮೇಲಂತೂ ಗಿಟಾರಿನವನಿಲ್ಲದ ಆರ್ಕೆಸ್ಟ್ರಾಕ್ಕೆ ಜನ ಮುಂಗಡವನ್ನೇ ಕೊಡುತ್ತಿರಲಿಲ್ಲ. ಹೀಗಿರುವಾಗ ಯಾರದೋ ಮನೆಯಲ್ಲಿ ವಿಡಿಯೊ ಕ್ಯಾಸೆಟ್ ಹಾಕಿ ಬೀಟಲ್ಸ್‌ನವರ ‘ಲೆಟ್ ಇಟ್ ಬಿ’ ನೋಡಿದೆ. 1969ರ ಜನವರಿ 30ರಂದು ಲಂಡನ್ನಿನ ಒಂದು ತಾರಸಿಯ ಮೇಲೆ ಚಳಿಯಲ್ಲಿ ನಿಂತು ಜಾರ್ಜ್ ಹ್ಯಾರಿಸನ್ ಬಾರಿಸುತ್ತಿದ್ದ ಗಿಟಾರು ನನ್ನ ನಿದ್ದೆ ಕೆಡಿಸಿತು. ಫೆಂಡರ್ ಕಂಪನಿಯವರು ಅವನಿಗೆಂದೇ ಮಾಡಿಕೊಟ್ಟ ಟೆಲಿಕಾಸ್ಟರ್ ಅದು. ಬಾಡಿ, ನೆಕ್ ಎಲ್ಲವೂ ರೋಸ್‌ವುಡ್. ರೋಸ್‌ವುಡ್ ಅಂದರೆ ನಮ್ಮ ಬೀಟೆಯ ಬಳಗ. ಬೀಟೆಯಾದರೆ ನಮ್ಮ ಮನೆಯಲ್ಲೇ ಇತ್ತಲ್ಲ!

ತೀರ್ಥಹಳ್ಳಿ ಕಡೆಯ ಹಳೇ ಮನೆಯಿಂದ ಬೆಂಗಳೂರಿಗೆ ಲಾರಿಯಲ್ಲಿ ಬಂದ ನಮ್ಮಜ್ಜನ ಮಂಚ ಅದು. ನಾಲ್ಕು ಜನ ಹಿಡಿದರೆ ಮಾತ್ರ ಅಲ್ಲಾಡುತ್ತಿತ್ತು. ನಿಮ್ಮಜ್ಜಿಗೆ ಹೇಳಿದೆ, ಹೀಗೆ ಹೀಗೆ, ಈ ಮಂಚದಲ್ಲಿ ಗಿಟಾರ್ ಮಾಡಿಸುತ್ತೇನೆ ಅಂತ. ಅವಳು ವೀಣೆಯ ತಂತಿ ಒರೆಸುತ್ತಾ ಕೂತಿದ್ದಳು. ತಲೆ ಎತ್ತದೆ, ‘ಮಂಚ ಹಾಡತ್ತೇನೋ?’ ಅಂದಳು. ಅಷ್ಟೇ. ಬೇಡ ಅನ್ನಲಿಲ್ಲ.

ಒಬ್ಬ ಮೇಸ್ತ್ರಿಗೆ ಮಂಚದ ಹಲಗೆ ಒಪ್ಪಿಸಿ, ಪತ್ರಿಕೆಯಿಂದ ಕತ್ತರಿಸಿದ ಒಂದು ಫೋಟೊ ಕೊಟ್ಟೆ. ನೆಕ್ ಎಷ್ಟು ದಪ್ಪ ಇರಬೇಕು ಅಂತ ಕೇಳಿದರು. ‘ನಿಮಗೆ ತಿಳಿದ ಹಾಗೆ ಮಾಡಿ’ ಅಂದೆ. ಬಾಡಿ ಎಷ್ಟು ದಪ್ಪ ಅಂತ ಕೇಳಿದರು. ‘ಫೋಟೊದಲ್ಲಿ ಇದ್ದ ಹಾಗೆ’ ಅಂದೆ. ಫೋಟೊದಲ್ಲಿ ದಪ್ಪ ಕಾಣುತ್ತದೆಯೇ? ಹತ್ತು ತಿಂಗಳಾದಮೇಲೆ ಬಂತು. ಪಾಲಿಶ್ ನೋಡಬೇಕಿತ್ತು ನೀನು, ಮುಖ ಕಾಣುತ್ತಿತ್ತು. ದುಡ್ಡು ಎಣಿಸಿಕೊಟ್ಟು ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆ ತಲುಪುವಷ್ಟರಲ್ಲಿ ಕಾಲು ಜೋಮು ಹಿಡಿದಿತ್ತು. ಬೀದಿ ಕೊನೆಯ ಗುಜರಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ: ಐದೂವರೆ ಕಿಲೋ. ಸಾಮಾನ್ಯ ಟೆಲಿಕಾಸ್ಟರ್ ಮೂರೂವರೆ ಕಿಲೋ ಆಸುಪಾಸು ಇರುತ್ತದೆ. ಮೂರು ಗಂಟೆಯ ಪ್ರೋಗ್ರಾಮಿನಲ್ಲಿ ಇಂಟರ್ವಲ್ಲಿಗೆ ಮುಂಚೆಯೇ ಎಡಭುಜ ನನ್ನದೇ ಅಲ್ಲ ಅನ್ನಿಸುತ್ತಿತ್ತು.

ಅದರ ಜೊತೆಗೆ ಇನ್ನೊಂದು. ತಂತಿ ಹಾಕಿ ಶ್ರುತಿ ಮಾಡಿ ಹನ್ನೆರಡನೇ ಫ್ರೆಟ್ ಒತ್ತಿದರೆ ಸ್ವರ ಏರಿ ನಿಲ್ಲುತ್ತಿತ್ತು. ಸ್ಟೀಲ್ ಸ್ಕೇಲು ಇಟ್ಟು ಅಳೆದೆ. ನಟ್‌ನಿಂದ ಹನ್ನೆರಡನೇ ಫ್ರೆಟ್‌ಗೆ 324 ಮಿಲಿಮೀಟರು. ಅಲ್ಲಿಂದ ಬ್ರಿಜ್‌ನ ಸ್ಯಾಡಲ್‌ಗೆ ಅಷ್ಟೇ ಇದ್ದು, ಮೇಲೊಂದೆರಡು ಮಿಲಿಮೀಟರು ಜಾಸ್ತಿಯೇ ಇರಬೇಕು. ತಂತಿ ಒತ್ತಿದಾಗ ಹಿಗ್ಗುತ್ತದಲ್ಲ, ಅದರ ಲೆಕ್ಕಕ್ಕೆ. ನನ್ನದರಲ್ಲಿ ನಾಲ್ಕು ಮಿಲಿಮೀಟರು ಕಮ್ಮಿ. ಸ್ಯಾಡಲ್‌ಗಳನ್ನು ಸ್ಕ್ರೂ ಮುಗಿಯುವವರೆಗೆ ಹಿಂದೆ ತಳ್ಳಿದರೂ ಸಾಲದು. ಹಗಲೆಲ್ಲ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವವನು, ದುಡ್ಡು ಕೊಡುವ ಮುಂಚೆ ಜೇಬಿನಲ್ಲಿದ್ದ ಸ್ಕೇಲು ತೆಗೆಯಲಿಲ್ಲ. ಪಾಲಿಶ್‌ನಲ್ಲಿ ಮುಖ ನೋಡಿಕೊಳ್ಳುತ್ತಾ ನಿಂತಿದ್ದೆ.

ಈಗ ಗಮನವಿಟ್ಟು ಕೇಳು. ಬ್ರಿಜ್ ತಪ್ಪನ್ನು ನಾನೇ ಸರಿಮಾಡಿದೆ. ತೂತುಗಳಿಗೆ ಮರದ ಬೆಣೆ ಹೊಡೆದು, ಹೊಸದಾಗಿ ಅಳೆದು, ಕೊರೆದು ಕೂರಿಸಿದೆ. ಒಂದು ಭಾನುವಾರದ ಕೆಲಸ. ನೆಕ್ ಒನಕೆಯ ಹಾಗಿತ್ತು, ಕೆತ್ತಿ ಉಪ್ಪುಕಾಗದ ಹಾಕಿ ಸಣ್ಣ ಮಾಡಿದೆ, ಎರಡು ಭಾನುವಾರ. ತೂಕವನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಬಾಡಿಯನ್ನು ಸೀಳಿ ಒಳಗೆ ಟೊಳ್ಳು ಮಾಡಬಹುದಿತ್ತು, ಆಮೇಲಿನ ರೋಸ್‌ವುಡ್ ಟೆಲಿಕಾಸ್ಟರ್‌ಗಳಲ್ಲಿ ಫೆಂಡರಿನವರೂ ಭಾರ ಇಳಿಸಲು ಅದನ್ನೇ ಮಾಡಿದರು. ಆದರೆ ಅಮ್ಮನ ಕಣ್ಣೆದುರು ಆ ಮಂಚವನ್ನು ಎರಡನೇ ಸಲ ಕೊಯ್ಯಲು ಕೈ ಬರಲಿಲ್ಲ.

ಹ್ಯಾರಿಸನ್ ಏನು ಮಾಡಿದ ಗೊತ್ತೇ? ಆ ಗಿಟಾರನ್ನು ಅದೇ 1969ರ ಡಿಸೆಂಬರ್‌ನಲ್ಲಿ ಡೆಲನಿ ಬ್ರಾಮ್ಲೆಟ್ ಅನ್ನುವ ಸ್ನೇಹಿತನಿಗೆ ಕೊಟ್ಟುಬಿಟ್ಟ. ಇದು ನನಗೆ ಗೊತ್ತಾಗುವ ಹೊತ್ತಿಗೆ ಮಂಚ ಹೋಗಿ ಇಪ್ಪತ್ತು ವರ್ಷವಾಗಿತ್ತು.

ನೀನು ಕಳಿಸಿದ ಪಟ್ಟಿಯನ್ನು ಎರಡು ಸಲ ಓದಿದೆ. ಮೂರು ಪಿಕಪ್ಪು, ಐದು ದಾರಿಯ ಸ್ವಿಚ್ಚು, ಅದರ ಮೇಲೆ ಎಳೆದರೊಂದು ಒತ್ತಿದರೊಂದು ಸದ್ದು ಬರುವ ಗುಬಟು, ಇಪ್ಪತ್ತನಾಲ್ಕು ಫ್ರೆಟ್ಟು, ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ಟು, ಮೇಲುಹಲಗೆಗೆ ಗಂಟುಗಂಟು ಚಿತ್ತಾರದ ಮರ, ಹನ್ನೆರಡನೇ ಫ್ರೆಟ್‌ನಲ್ಲಿ ಕಪ್ಪೆಚಿಪ್ಪಿನ ಗಂಡಭೇರುಂಡ. ಗಂಡಭೇರುಂಡದ ಬಗ್ಗೆ ನನ್ನ ತಕರಾರಿಲ್ಲ, ಇರಲಿ. ಸ್ಟೇನ್‌ಲೆಸ್ ಫ್ರೆಟ್ ಬುದ್ಧಿವಂತರ ಮಾತು. ನಿನ್ನ ಹಾಗೆ ತಂತಿ ಎಳೆಯುವವರಿಗೆ ಮಾಮೂಲಿ ಫ್ರೆಟ್ ಬೇಗ ಸವೆಯುತ್ತದೆ. ಉಳಿದದ್ದರಲ್ಲಿ ಹೆಚ್ಚಿನವು ಬೇಕಾದಾಗ ಬದಲಾಯಿಸಬಹುದಾದ ಸಾಮಾನು. ಪಿಕಪ್ ಅಂದರೆ ಏನು? ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಒಳಗೆ ವಿದ್ಯುತ್ತು ಅದುರುತ್ತದೆ. ಎರಡು ಸ್ಕ್ರೂ ಬಿಚ್ಚಿ, ಎರಡು ಬೆಸುಗೆ ಹಾಕಿದರೆ ಬೇರೆ ಪಿಕಪ್ ಕೂತಿತು. ಕೀಗಳು, ನಟ್ಟು, ಸ್ವಿಚ್ಚು, ಎಲ್ಲವೂ ಅಷ್ಟೇ. ಇವನ್ನು ನಿನ್ನ ಈಗಿನ ಗಿಟಾರಿಗೇ ಹಾಕಿಸಿ ಬಾರಿಸಿ ನೋಡಬಹುದು.

ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ತೂಕ ಎಷ್ಟಿರಬೇಕು ಅಂತ ಬರೆದಿಲ್ಲ. ನಟ್‌ನಿಂದ ಬ್ರಿಜ್‌ಗೆ ಎಷ್ಟು ಉದ್ದ ಬರೆದಿಲ್ಲ. ಫೆಂಡರಿನದು 648 ಮಿಲಿಮೀಟರು, ಗಿಬ್ಸನ್ ಕಂಪನಿಯದು ಸುಮಾರು 628. ಇಪ್ಪತ್ತು ಮಿಲಿಮೀಟರು ಏನು ಮಹಾ ಅನ್ನಬೇಡ. ಅದೇ ತಂತಿ, ಅದೇ ಶ್ರುತಿ, ಗಿಬ್ಸನ್ನಿನಲ್ಲಿ ಬೆರಳಿಗೆ ಸಡಿಲ, ಫೆಂಡರಿನಲ್ಲಿ ಬಿಗಿ. ಗಮಕ ಎಳೆಯುವವಳಿಗೆ ಅದು ದಿನವೂ ತಿಳಿಯುವ ವ್ಯತ್ಯಾಸ. ನೆಕ್ ಅಂಗೈಯಲ್ಲಿ ಎಷ್ಟು ತುಂಬಬೇಕು, ಹಲಗೆ ಎಷ್ಟು ಬಾಗಿರಬೇಕು, ಕೂತಾಗ ತೊಡೆಯ ಮೇಲೆ ಎಲ್ಲಿ ಕೂರಬೇಕು, ಇದೊಂದೂ ಇಲ್ಲ. ಒಮ್ಮೆ ಮಾಡಿಸಿದಮೇಲೆ ಬದಲಾಯಿಸಲಾಗದವು ಇವೇ. ನಾನು ‘ನಿಮಗೆ ತಿಳಿದ ಹಾಗೆ’ ಅಂದದ್ದೂ ಇವಕ್ಕೇ.

ಯಾಕೆ ಬರೆದಿಲ್ಲ? ನಿನಗಿನ್ನೂ ಗೊತ್ತಿಲ್ಲ, ಅದಕ್ಕೆ. ತಪ್ಪಿಲ್ಲ ಅದರಲ್ಲಿ. ನನಗೂ ಗೊತ್ತಿರಲಿಲ್ಲ.

ಅಜ್ಜಿಯ ವೀಣೆಗೆ ಮೇಣ ಹಾಕಲು ಒಬ್ಬರು ಆಚಾರ್ರು ಬರುತ್ತಿದ್ದರು, ನೀನು ಅವರನ್ನು ನೋಡಿಲ್ಲ. ಗಿಟಾರ್ ಮಾಡುವವರನ್ನು ನೀನು ಲೂಥಿಯರ್ ಲೂಥಿಯರ್ ಅನ್ನುತ್ತೀಯಲ್ಲ, ನನ್ನ ಕಣ್ಣಿಗೆ ಅವರೇ ಬರುತ್ತಾರೆ. ಮಾಡಿಸುವುದು ನಿಮ್ಮ ಕಾಲದ ಹೊಸ ಸಂಗತಿ ಅಂದುಕೊಂಡಿದ್ದೀಯ. ನಮ್ಮಲ್ಲಿ ವೀಣೆಯನ್ನು ಅಂಗಡಿಯ ಗಾಜಿನ ಹಿಂದಿನಿಂದ ಆರಿಸಿ ತರುತ್ತಿದ್ದವರು ಕಡಿಮೆ. ಹಲಸಿನ ಮರ ನೋಡಿ, ಹೇಳಿ, ಕಾದು, ಮಾಡಿಸಿಕೊಳ್ಳುತ್ತಿದ್ದರು. ಆಚಾರ್ರು ಬಂದವರೇ ಉಪಕರಣದ ಗಂಟು ಬಿಚ್ಚುತ್ತಿರಲಿಲ್ಲ. ಕಾಫಿ ಕುಡಿದು, ವೀಣೆಯನ್ನು ಬೆಳಕಿಗೆ ಹಿಡಿದು, ಇಪ್ಪತ್ತನಾಲ್ಕು ಮೆಟ್ಟಿಲನ್ನೂ ಹೆಬ್ಬೆರಳ ಉಗುರಿನಲ್ಲಿ ಒಂದೊಂದಾಗಿ ಸವರುವರು. ‘ಅಮ್ಮಾ, ಇಲ್ಲಿ ಗುಣಿ ಬಿದ್ದಿದೆ ನೋಡಿ. ಈ ವರ್ಷ ತೋಡಿ ಜಾಸ್ತಿ ಆಗಿದೆ ಅನ್ನಿ’ ಅಂತ ನಗುವರು. ಅಜ್ಜಿ ನಾಚಿಕೊಳ್ಳುವಳು. ಆಮೇಲೆ ‘ಎಲ್ಲಿ, ಸ್ವಲ್ಪ ನುಡಿಸಿ’ ಅಂತ ಕೂರಿಸಿ, ಅವಳ ಮುಖ ನೋಡದೆ ಎಡಗೈಯನ್ನೇ ನೋಡುತ್ತಾ ಕೂರುವರು. ಎಷ್ಟು ಎಳೆಯುತ್ತಾಳೆ, ಎಲ್ಲಿ ಬೆರಳು ತಡವರಿಸುತ್ತದೆ, ಎಲ್ಲ ನೋಡಿಕೊಂಡ ಮೇಲೆಯೇ ಮೇಣ ಕಾಯುತ್ತಿದ್ದುದು. ಅಜ್ಜಿ ತನಗೇನು ಬೇಕು ಅಂತ ಒಂದು ದಿನವೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಸವೆದ ಹಿತ್ತಾಳೆ ಹೇಳುತ್ತಿತ್ತು.

ಹೋದ ದಸರೆಗೆ ನೀನು ಬಂದಿದ್ದಾಗ ತಂತಿ ಬದಲಾಯಿಸಿಕೊಟ್ಟೆನಲ್ಲ, ಆಗ ನಾನೂ ಹಾಗೇ ನೋಡಿದೆ. ಮೂರನೇ ತಂತಿಯ ಕೆಳಗೆ ಐದರಿಂದ ಒಂಬತ್ತನೇ ಫ್ರೆಟ್‌ವರೆಗೆ ನೆತ್ತಿ ಚಪ್ಪಟೆಯಾಗಿದೆ; ಉಜ್ಜಿದ ಗುರುತು ಅಡ್ಡಕ್ಕಿದೆ, ಅಂದರೆ ಎಳೆದದ್ದು. ಹದಿನೈದರ ಮೇಲೆ ಕನ್ನಡಿ ಹಾಗೆ ಹೊಸದು. ನಿನಗೆ ಇಪ್ಪತ್ತನಾಲ್ಕು ಫ್ರೆಟ್ ಯಾಕೆ ಬೇಕು ಹೇಳು! ಟೋನ್ ಗುಬಟಿನ ಸುತ್ತ ಧೂಳು ಗೂಡು ಕಟ್ಟಿತ್ತು. ಸ್ವಿಚ್ಚು ಒಂದೇ ಕಡೆ ಕೂತು ಕಚ್ಚಿಕೊಂಡಿತ್ತು. ಇರುವ ಮೂರು ಸದ್ದಿನಲ್ಲಿ ಒಂದನ್ನು ಮಾತ್ರ ಬಳಸುವವಳು ಹತ್ತು ಸದ್ದಿಗೆ ದುಡ್ಡು ಕೊಡಲು ಹೊರಟಿದ್ದೀಯ. ಬೆರಳಹಲಗೆಯ ಮೇಲೆ ಉಗುರು ಗೀರಿದ ಗೆರೆಗಳಿವೆ, ಅವು ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿದವು. ನೀನು ಅಜ್ಜಿಯ ಹತ್ತಿರ ವರ್ಣದವರೆಗೆ ಕಲಿತದ್ದು ಬೆರಳು ಮರೆತಿಲ್ಲ. ವೀಣೆಯಲ್ಲಿ ಮೆಟ್ಟಿಲ ಕೆಳಗೆ ಹಳ್ಳವಿರುತ್ತದೆ, ಬೆರಳಿಗೆ ಮರ ಸಿಕ್ಕುವುದಿಲ್ಲ, ತಂತಿ ಮಾತ್ರ. ಗಿಟಾರಿನಲ್ಲಿ ಬೆರಳ ತುದಿ ಹಲಗೆಗೆ ತಾಗಿ ಎಳೆತ ಅರ್ಧಕ್ಕೆ ನಿಲ್ಲುತ್ತದೆ. ‘ಏನೋ ಅಡ್ಡ ಬರತ್ತೆ ಮಾವ’ ಅಂತ ನೀನು ಎರಡು ವರ್ಷದಿಂದ ಹೇಳುತ್ತಿರುವುದು ಇದನ್ನೇ ಇರಬೇಕು ಅಂತ ನನ್ನ ಗುಮಾನಿ.

ಈ ಅಡ್ಡ ನಿನಗೊಬ್ಬಳಿಗೇ ಬಂದದ್ದಲ್ಲ. ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ವೀಣೆ ಕಲಿತು, 1970ರ ದಶಕದಲ್ಲಿ ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಮ್ ಜೊತೆ ‘ಶಕ್ತಿ’ ತಂಡ ಕಟ್ಟಿದಾಗ ಗಿಬ್ಸನ್ನಿನವರಿಂದ ಒಂದು ಗಿಟಾರ್ ಮಾಡಿಸಿಕೊಂಡರು. ಫ್ರೆಟ್‌ಗಳ ನಡುವಿನ ಮರವನ್ನು ದೋಣಿಯ ಹಾಗೆ ತೋಡಿಸಿದ್ದರು, ಸದ್ದಿಗೆ ಸದ್ದು ಕೂಡಿಸಲು ಅಡ್ಡಕ್ಕೆ ಏಳು ತಂತಿ ಬೇರೆ. ಮ್ಯಾಂಡೊಲಿನ್ ಶ್ರೀನಿವಾಸ್ ಅವರನ್ನು ನೋಡು. ಮಾಮೂಲಿ ಮ್ಯಾಂಡೊಲಿನ್ನಿಗೆ ನಾಲ್ಕು ಜೋಡಿ, ಎಂಟು ತಂತಿ. ಜೋಡಿಯನ್ನು ಎಳೆದು ಗಮಕ ನುಡಿಸುವುದು ಆಗದ ಮಾತು. ಅವರು ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿಗೆ ಐದು ಒಂಟಿ ತಂತಿ ಮಾಡಿಕೊಂಡರು. ನಮ್ಮ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ವರ್ಷಗಟ್ಟಲೆ ಹೆಣಗಿ, ವಾದ್ಯದಲ್ಲೂ ಮಾರ್ಪಾಡು ಮಾಡಿಕೊಂಡರು. ಅಮೆರಿಕದ ಬಿ.ಬಿ. ಕಿಂಗ್ ಕತೆ ನನಗೆ ಇನ್ನೂ ಇಷ್ಟ. ಅವರ ಗಿಟಾರಿನ ಮೈಯಲ್ಲಿ ಪಿಟೀಲಿನ ಹಾಗೆ ತೂತುಗಳಿದ್ದವು, ಆ್ಯಂಪ್ ಜೋರು ಮಾಡಿದರೆ ಗುಂಯ್ ಅಂತ ಕೂಗುತ್ತಿತ್ತು. ತೂತಿಗೆ ಬಟ್ಟೆ ತುರುಕಿಕೊಂಡೇ ವರ್ಷಗಟ್ಟಲೆ ಬಾರಿಸಿದರು. ಗಿಬ್ಸನ್ನಿನವರು ತೂತೇ ಇಲ್ಲದ ‘ಲೂಸಿಲ್’ ಮಾಡಿಕೊಟ್ಟದ್ದು 1980ರಲ್ಲಿ. ಬಟ್ಟೆ ತುರುಕಿದ ಮೇಲೆ ಬಂದ ಗಿಟಾರ್ ಅದು, ಅದಕ್ಕೇ ಸರಿಹೋಯಿತು.

ನೀನು ಇನ್ನೂ ಬಟ್ಟೆ ತುರುಕಿಲ್ಲ, ಪುಟ್ಟಿ.

ಇಲ್ಲಿ ಲಿಯೋ ಫೆಂಡರ್ ನಮಗೆ ಒಂದು ಉಪಕಾರ ಮಾಡಿಟ್ಟಿದ್ದಾನೆ. ರೇಡಿಯೊ ರಿಪೇರಿಯವನು, ಗಿಟಾರ್ ಬಾರಿಸಲು ಬರುತ್ತಿರಲಿಲ್ಲ. ಬಾರಿಸುವವರ ದೂರು ಕೇಳಿ ಕೇಳಿಯೇ ಗಿಟಾರ್ ಮಾಡಿದ. 1950ರಲ್ಲಿ ಅವನು ಮಾರುಕಟ್ಟೆಗೆ ತಂದ ಗಿಟಾರಿನಲ್ಲಿ ನೆಕ್ಕನ್ನು ಅಂಟಿಸಲಿಲ್ಲ, ನಾಲ್ಕು ಸ್ಕ್ರೂ ಹಾಕಿದ. ನಿನ್ನ ಈಗಿನ ಗಿಟಾರಿನದೂ ಅದೇ ಜಾತಿ. ನಾಲ್ಕು ಸ್ಕ್ರೂ ಬಿಚ್ಚಿದರೆ ನೆಕ್ ಕೈಗೆ ಬಂತು. ಅದಕ್ಕೆ ಹೊಂದುವ ಒಂದು ಹಳೇ ನೆಕ್ ನನ್ನ ಹತ್ತಿರವೇ ಇದೆ. ಹಾಫ್ ರೌಂಡ್ ಫೈಲು, ಉಪ್ಪುಕಾಗದ, ಒಂದು ವಾರದ ಸಂಜೆಗಳು. ಮೇಲಿನ ಮೂರು ತಂತಿಯ ಕಡೆಗೆ ಹೆಚ್ಚು, ಕೆಳಗೆ ಕಮ್ಮಿ ತೋಡೋಣ. ಒಂದೆರಡು ವಾರ ನೀನು ಬೈಯುತ್ತೀಯ, ಯಾಕೆಂದರೆ ಹಳ್ಳ ತೋಡಿದ ಹಲಗೆಯಲ್ಲಿ ಸ್ವಲ್ಪ ಬಿಗಿಯಾಗಿ ಒತ್ತಿದರೂ ಶ್ರುತಿ ಏರುತ್ತದೆ. ಕಾರ್ಡ್ ಹಿಡಿದರೆ ಎಲ್ಲ ಸೊಟ್ಟ ಕೇಳುತ್ತದೆ. ಆರು ತಿಂಗಳು ಬಾರಿಸು. ಆಮೇಲೂ ಅದೇ ಬೇಕು ಅನ್ನಿಸಿದರೆ ನಿನ್ನ ಪಟ್ಟಿಯ ಮೊದಲ ಸಾಲು ಸಿಕ್ಕಿತು. ಬೇಡ ಅನ್ನಿಸಿದರೆ ಹೋದದ್ದು ನನ್ನ ಹಳೇ ನೆಕ್ಕು.

ಆ್ಯಂಪಿನ ಮಾತೂ ಆಡಿಬಿಡುತ್ತೇನೆ, ನೀನು ಅದನ್ನು ಎತ್ತಲೇ ಇಲ್ಲ. ಎಲೆಕ್ಟ್ರಿಕ್ ಗಿಟಾರು ಅರ್ಧ ವಾದ್ಯ. ಉಳಿದರ್ಧ ಆ್ಯಂಪು. ನಿನ್ನ ಮಂಚದ ಪಕ್ಕದಲ್ಲಿರುವುದು ಬಕೆಟ್ಟಿನಷ್ಟು ದೊಡ್ಡದು, ಅದರ ಸ್ಪೀಕರ್ ಊಟದ ತಟ್ಟೆಗಿಂತ ಚಿಕ್ಕದು. ಎರಡೂವರೆ ಲಕ್ಷದ ಗಿಟಾರನ್ನು ಅದಕ್ಕೆ ಸಿಕ್ಕಿಸಿದರೆ ಕೇಳುವುದು ಆ ಡಬ್ಬಿಯ ಸದ್ದೇ. ಮರದ ವಿಷಯದಲ್ಲಿ ನೀವೆಲ್ಲ ಮಾಡುವ ವಾದ ನೋಡಿದರೆ ನನಗೆ ಕಾಫಿಗೆ ಚಿಕೋರಿ ಎಷ್ಟು ಅಂತ ಜಗಳವಾಡುವವರ ನೆನಪಾಗುತ್ತದೆ, ನೀರು ಕಾದಿಲ್ಲ ಅಂತ ಯಾರೂ ನೋಡುವುದಿಲ್ಲ. ಮರ ಗಟ್ಟಿಯಿರಬೇಕು, ಚೆನ್ನಾಗಿ ಒಣಗಿರಬೇಕು, ಹಗುರವಿರಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದಕ್ಕಿಂತ ಹೆಚ್ಚು ಮರಕ್ಕೆ ನಾನು ದುಡ್ಡು ಕೊಡುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ಬೇಕಾದಷ್ಟಿದ್ದಾರೆ.

ಅಂದಹಾಗೆ ವಿದೇಶಿ ಮರ ಅಂತ ನೀನು ಕುಣಿಯುತ್ತಿದ್ದೆ. ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಕೈಹಿಡಿದದ್ದು ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಬೀಟೆಯನ್ನೇ. ಬ್ರೆಜಿಲ್ಲಿನದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ಬೀಗ ಬಿತ್ತು. 2017ರಲ್ಲಿ ಬೀಟೆಯೂ ನಿಗಾ ಪಟ್ಟಿಗೆ ಸೇರಿ, ಗಿಟಾರ್ ಕಂಪನಿಗಳು ಪರವಾನಗಿಗೆ ಅಲೆದಾಡಿ, 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಡಾಲರ್ ಕೊಟ್ಟು ತರಿಸುವ ಎಷ್ಟೋ ಗಿಟಾರಿನ ಬೆರಳಹಲಗೆ ನಮ್ಮ ಕಾಡು ನೋಡಿ ಹೋದದ್ದೇ.

ನಾನು ಬರೀ ಹೆದರಿಸುತ್ತಿದ್ದೇನೆ ಅನ್ನಬೇಡ. ನನ್ನ ವಾದಕ್ಕೇ ಅಡ್ಡ ಬರುವ ಉದಾಹರಣೆ ಕೊಡುತ್ತೇನೆ. ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾ, ಡಗ್ ಅರ್ವಿನ್ ಅನ್ನುವ ಮೇಸ್ತ್ರಿಯಿಂದ ‘ಟೈಗರ್’ ಮಾಡಿಸಿದ. ಕೈಗೆ ಬರಲು ಸುಮಾರು ಆರು ವರ್ಷ ಹಿಡಿಯಿತು. ತೂಕ ಹದಿಮೂರೂವರೆ ಪೌಂಡು, ಆರು ಕಿಲೋಗಿಂತ ಜಾಸ್ತಿ, ನನ್ನ ಮಂಚಕ್ಕಿಂತ ಭಾರ! 1979ರಿಂದ ಹತ್ತು ವರ್ಷ ಅದನ್ನೇ ಹೊತ್ತು ಬಾರಿಸಿದ ಪುಣ್ಯಾತ್ಮ. ಆದರೆ ಅದಕ್ಕೆ ಮುಂಚೆ ಅದೇ ಮೇಸ್ತ್ರಿ ಮಾಡಿದ ‘ವುಲ್ಫ್’ ಅವನ ಕೈಯಲ್ಲಿ ವರ್ಷಗಟ್ಟಲೆ ಪಳಗಿತ್ತು. ಅವನ ಭುಜವೂ ಬೇರೆ ಇದ್ದಿರಬೇಕು. ಇನ್ನು ಕ್ವೀನ್ ತಂಡದ ಬ್ರಯನ್ ಮೇ. ನನ್ನ ಹಾಗೆಯೇ ಮನೆಯ ಹಳೇ ಮರ. 1963ರ ಆಗಸ್ಟ್‌ನಲ್ಲಿ ಅಪ್ಪ ಮಗ ಕೂತು ಶುರುಮಾಡಿದರು. ನೆಕ್ಕಿಗೆ ತುಂಬಾ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಗುರುತಿನ ಚುಕ್ಕೆಗಳಿಗೆ ಅಮ್ಮನ ಡಬ್ಬಿಯ ಮುತ್ತಿನ ಗುಂಡಿ, ಒಳಗೆ ಹಳೇ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು. ಎರಡು ವರ್ಷ ಹಿಡಿಯಿತು. ಇವತ್ತಿಗೂ ಅವರು ಬಾರಿಸುವುದು ಅದನ್ನೇ. ಅವರ ಅಗ್ಗಿಷ್ಟಿಕೆ ಹಾಡಿತು, ನಮ್ಮ ಮಂಚ ಹಾಡಲಿಲ್ಲ. ಅವರು ಒಂದೊಂದು ತುಂಡನ್ನೂ ಮೊದಲು ಪರೀಕ್ಷೆ ಮಾಡಿ, ಕೆಟ್ಟರೆ ಎಸೆದು, ಮತ್ತೆ ಮಾಡಿದರು. ನಾನು ಫೋಟೊ ಕೊಟ್ಟು ಮನೆಗೆ ಬಂದೆ.

ಇನ್ನೊಂದು ಸಾಧ್ಯತೆಯೂ ಇದೆ. ಇದ್ಯಾವುದೂ ಅಲ್ಲ ಮಾವ, ನನಗೆ ಚಂದದ್ದೊಂದು ನನ್ನದೇ ಅಂತ ಬೇಕು, ಅಷ್ಟೇ ಅನ್ನುವುದಾದರೆ ಹಾಗಂತ ನಿನಗೆ ನೀನೇ ಹೇಳಿಕೋ. ನಿಮ್ಮತ್ತೆಯ ರೇಷ್ಮೆ ಸೀರೆಗೆ ಯಾರೂ ‘ಯಾಕೆ ಬೇಕು’ ಅಂತ ಕೇಳಿಲ್ಲ. ಒಡವೆ ಅಂತ ಮಾಡಿಸಿದ್ದು ಒಡವೆಯಾಗಿ ಇರುತ್ತದೆ, ನಷ್ಟವಿಲ್ಲ. ಆದರೆ ಇದು ಬಂದರೆ ನನ್ನ ಕೈ ಓಡುತ್ತದೆ, ಬೆಳಗ್ಗೆ ಎದ್ದು ಪ್ರಾಕ್ಟೀಸ್ ಮಾಡುತ್ತೇನೆ ಅಂದುಕೊಂಡು ಮಾಡಿಸಬೇಡ. ನಾನು ಅಂದುಕೊಂಡಿದ್ದೆ. ಮತ್ತೆ ಸಾಲದ ಕಂತಿನಲ್ಲಂತೂ ಕೂಡದು. ಒಬ್ಬರ ಮೈಗೆ ಹೊಲಿದ ರವಿಕೆ ಇನ್ನೊಬ್ಬರಿಗೆ ಆಗುವುದಿಲ್ಲ. ಮಾಡಿಸಿದ ಗಿಟಾರನ್ನು ಮಾರಲು ಹೋದರೆ ಹಾಕಿದ ದುಡ್ಡಿನ ಅರ್ಧ ಬಂದರೂ ಅದೃಷ್ಟ.

ಮಾಡಿಸುವುದೇ ಆದರೆ, ಆ ಮೇಸ್ತ್ರಿಯ ಕೈಯ ಗಿಟಾರ್ ಇರುವ ಇಬ್ಬರು ಮೂವರನ್ನು ಹುಡುಕು. ಹೊಸದು ಬೇಡ, ಮೂರು ನಾಲ್ಕು ವರ್ಷ ಹಳೆಯದು. ಮೂರು ಬೇಸಿಗೆ, ಮೂರು ಮಳೆಗಾಲ ಕಂಡ ಮರ ಸುಳ್ಳು ಹೇಳುವುದಿಲ್ಲ. ನೆಕ್ಕಿನ ಅಂಚಿನ ಮೇಲೆ ಹೆಬ್ಬೆರಳನ್ನು ಉದ್ದಕ್ಕೆ ಜಾರಿಸು. ಹಸಿ ಮರ ಹಾಕಿದ್ದರೆ ಅದು ಒಣಗಿ ಕುಗ್ಗಿ ಫ್ರೆಟ್‌ಗಳ ತುದಿ ಗರಗಸದ ಹಲ್ಲಿನ ಹಾಗೆ ಹೊರಗೆ ಬಂದಿರುತ್ತದೆ. ನಿನ್ನನ್ನು ಕಂಪನಿಯವರು ನಾಳೆ ಹೀಟರ್ ಹಾಕುವ ಊರಿಗೆ ಕಳಿಸಬಹುದು, ಅಲ್ಲಿ ಇನ್ನೂ ಜಾಸ್ತಿ. ಮಂಗಳೂರಿನ ಮಳೆಗಾಲಕ್ಕೆ ಹೋದರೆ ನೆಕ್ ಇನ್ನೊಂದು ಆಟ ಆಡುತ್ತದೆ. ಒಳಗೆ ನೆಕ್ಕಿನ ಬಾಗು ತಿದ್ದುವ ಟ್ರಸ್ ರಾಡ್ ಇದೆಯೇ, ಅದನ್ನು ತಿರುಗಿಸಲು ಜಾಗ ಎಲ್ಲಿದೆ, ಕೇಳು. ಅಳತೆಯೆಲ್ಲ ಮಿಲಿಮೀಟರಿನಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ‘ಮೂರುಮುಕ್ಕಾಲು ಕಿಲೋ ಮೀರಬಾರದು’ ಅಂತ ಬರೆಯುವುದಕ್ಕೆ ಸಂಕೋಚ ಯಾಕೆ? ಹಣವನ್ನು ಮೂರು ಕಂತು ಮಾಡಿಸಿಕೋ: ಮರ ಆರಿಸಿದಾಗ, ಬಣ್ಣಕ್ಕೆ ಮುಂಚೆ ತಂತಿ ಕಟ್ಟಿ ಬಾರಿಸಿ ನೋಡಿದಾಗ, ಕೈಗೆ ಬಂದಾಗ. ಆ ನಡುವಿನದು ಮುಖ್ಯ. ಪಾಲಿಶ್ ಬಿದ್ದಮೇಲೆ ಎಲ್ಲರ ಕಣ್ಣೂ ಮಂಜಾಗುತ್ತದೆ. ಆದರೆ ಒಮ್ಮೆ ಕೆಲಸ ಒಪ್ಪಿಸಿದ ಮೇಲೆ ವಾರವಾರ ಫೋನ್ ಮಾಡಿ ಪ್ರಾಣ ತೆಗೆಯಬೇಡ, ಚೌಕಾಸಿ ಮಾಡಬೇಡ. ಎಂಟು ತಿಂಗಳು ಅಂದರೆ ಒಂದು ವರ್ಷ ಅಂತ ತಿಳಿ.

ತಿಂಗಳ ಕೊನೆಯೊಳಗೆ ಹೇಳಬೇಕು ಅಂತ ಅವಸರ ಮಾಡಿದ್ದಾರಲ್ಲ, ಅವರಿಗೆ ಒಂದು ಮಾತು ಹೇಳು: ‘ಇನ್ನೂ ನನ್ನ ಅಳತೆ ನನಗೆ ತಿಳಿದಿಲ್ಲ, ಮುಂದಿನ ವರ್ಷ ಬರುತ್ತೇನೆ.’ ಒಳ್ಳೆಯ ಮೇಸ್ತ್ರಿಯಾದರೆ ಅವರಿಗೇ ಸಂತೋಷವಾಗುತ್ತದೆ. ಅಷ್ಟರಲ್ಲಿ ಆ ದುಡ್ಡಿನಲ್ಲಿ ಚೂರು ತೆಗೆದು ಹನ್ನೆರಡು ಇಂಚಿನ ಸ್ಪೀಕರಿನ ಒಂದು ಆ್ಯಂಪ್ ತೊಗೋ. ಪಕ್ಕದ ಮನೆಯವರು ಬೈದರೆ ನನ್ನ ಹೆಸರು ಹೇಳು.

ಭಾನುವಾರ ಬಾ. ಗಿಟಾರ್ ತರುವಾಗ ಹೊಸ ತಂತಿ ಹಾಕಬೇಡ, ಒರೆಸಲೂಬೇಡ, ಹೇಗಿದೆಯೋ ಹಾಗೇ ತಾ. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಬೇಕು. ನೆಕ್ ಹಿಡಿಯಲು ವೈಸಿನ ಹಲ್ಲಿಗೆ ಸುತ್ತುವುದಕ್ಕೆ ಹಳೇ ಕಾಟನ್ ಸೀರೆ ಬೇಕು, ನಿಮ್ಮಮ್ಮನನ್ನು ಕೇಳು, ನಿಮ್ಮತ್ತೆ ಕೊಡುತ್ತಿಲ್ಲ. ನುಚ್ಚಿನುಂಡೆ ಮಾತ್ರ ಮಾಡಿಡುತ್ತಾಳಂತೆ.

ಇತಿ,
ನಿನ್ನ ಮಾವ